ಸಿನಿಮಾದಲ್ಲಿ ತೋರಿಸೋ ಹಾಗೇ ಇರುತ್ತಾ ಅಮೆರಿಕದ ಹೈಸ್ಕೂಲು?

ಕೆಲಸದ ಮೇಲೆ ಅಮೆರಿಕಕ್ಕೆ ಹೊರಟ, ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳಿರುವ ಅಪ್ಪ ಅಮ್ಮ ತಪ್ಪದೆ ಕೇಳುವ ಪ್ರಶ್ನೆ ಇದು. ಫುಟ್‌ಬಾಲು (ನಮ್ಮದಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ್ದು), ಚಿಯರ್‌ಲೀಡರು, ಪ್ರಾಮು ಅನ್ನುವ ಶಾಲೆಯ ಡಾನ್ಸ್ ಪಾರ್ಟಿ ಎಲ್ಲ ನಿಜವಾ? ನಿಜವೇ. ಆದರೆ ಯಾವ ಊರಿಗೆ ಹೊರಟಿದ್ದೀರಿ, ಅದನ್ನು ಮೊದಲು ಹೇಳಿ.

ಟೆಕ್ಸಾಸ್ ರಾಜ್ಯದ ಡಲ್ಲಾಸ್ ಕಡೆಗಾದರೆ ಸಿನಿಮಾದಲ್ಲಿ ಕಂಡದ್ದು ಕಮ್ಮಿಯೇ ಅನ್ನಿಸಬಹುದು. ಪಕ್ಕದ ಆಲೆನ್ ಊರಿನವರು 2012ರಲ್ಲಿ ಹೈಸ್ಕೂಲು ಹುಡುಗರ ಆಟಕ್ಕೆಂದು ಸುಮಾರು 6 ಕೋಟಿ ಡಾಲರ್ ಸುರಿದು 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು ಬೀಗ ಬಿತ್ತು, ರಿಪೇರಿಯಾಗಿ 2015ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಆಟ ಶುಕ್ರವಾರ ರಾತ್ರಿ. ಆಡುವ ಹುಡುಗ ಓದಿನಲ್ಲಿ ಹಿಂದೆ ಬೀಳುವ ಹಾಗಿಲ್ಲ: ಒಂದು ವಿಷಯದಲ್ಲಿ 70ಕ್ಕಿಂತ ಕಮ್ಮಿ ಬಂದರೂ ಸಾಮಾನ್ಯವಾಗಿ ಕೆಲವು ವಾರ ಆಟಕ್ಕಿಳಿಸುವುದಿಲ್ಲ. ಇದು ಟೆಕ್ಸಾಸಿನಲ್ಲಿ 1984ರಲ್ಲಿ ಬಂದ ಕಾನೂನು.

ಶರತ್ಕಾಲದಲ್ಲಿ ಹೋಮ್‌ಕಮಿಂಗ್ ಬರುತ್ತದೆ. ಊರಹಬ್ಬಕ್ಕೆ ಎಲ್ಲರೂ ಊರಿಗೆ ಬಂದ ಹಾಗೆ ಹಳೆ ವಿದ್ಯಾರ್ಥಿಗಳು ಬರುವ ವಾರ ಅದು. ಟೆಕ್ಸಾಸಿನಲ್ಲಿ ಆ ಶುಕ್ರವಾರ ಹುಡುಗಿಯರು ಎದೆ ಮೇಲೆ 'ಮಮ್' ತೊಟ್ಟು ಕ್ಲಾಸಿಗೆ ಬರುತ್ತಾರೆ. ಮಮ್ ಅಂದರೆ ನಮ್ಮ ಸೇವಂತಿಗೆಯೇ. ಹಿಂದೆ ಒಂದು ನಿಜವಾದ ಹೂವು, ಎರಡು ರಿಬ್ಬನ್ ಇರುತ್ತಿತ್ತು. ಈಗ ರಟ್ಟಿನ ಬಿಲ್ಲೆಗೆ ಬಟ್ಟೆಯ ಹೂವು ಅಂಟಿಸಿ, ಸುತ್ತ ರಿಬ್ಬನ್ನಿನ ನಿರಿಗೆ ಹಿಡಿದು, ಮಧ್ಯಕ್ಕೊಂದು ಟೆಡ್ಡಿ ಕೂರಿಸಿ, ಜಡೆ ಹೆಣೆದ ರಿಬ್ಬನ್‌ಗಳನ್ನು ಮೊಣಕಾಲಿನವರೆಗೆ ಇಳಿಬಿಡುತ್ತಾರೆ. ತುದಿಯಲ್ಲಿ ಪುಟ್ಟ ಗಂಟೆಗಳು. ಕಾರಿಡಾರಿನಲ್ಲಿ ನಡೆದರೆ ಎತ್ತಿನಗಾಡಿ ಬಂದಂತೆ ಸದ್ದು. ಭಾರಕ್ಕೆ ಪಿನ್ನು ಅಂಗಿಯನ್ನೇ ಹರಿಯುವುದರಿಂದ ದೊಡ್ಡದನ್ನು ಕೊರಳಿಗೆ ನೇತುಹಾಕುತ್ತಾರೆ. ಶಾಲೆಯ ಬಣ್ಣದ್ದು ಎಲ್ಲರಿಗೂ ಸರಿ. ಬಿಳಿಯ ಜೊತೆ ಬೆಳ್ಳಿ ಅಥವಾ ಬಂಗಾರದ ಬಣ್ಣ ಸಾಮಾನ್ಯವಾಗಿ ಕೊನೆ ವರ್ಷದವರಿಗೆ ಮೀಸಲು. ತಿಳಿಯದೆ ಒಂಬತ್ತನೇ ಕ್ಲಾಸಿನ ಹುಡುಗಿಗೆ ಅದನ್ನು ಮಾಡಿಸಿಕೊಟ್ಟರೆ ಪಾಪ, ಮಗು ಮುಜುಗರ ಪಡಬೇಕಾಗುತ್ತದೆ. ಅಂಗಡಿಯಲ್ಲಿ ನೂರಾರು ಡಾಲರ್ ಆಗುತ್ತದೆ. ಸಾಮಾನು ತಂದು ಮನೆಯಲ್ಲೇ ಅಂಟಿಸಿದರೆ ಎಷ್ಟೋ ಅಗ್ಗ. ಹುಡುಗರಿಗೆ ಇದರದೇ ಚಿಕ್ಕ ರೂಪ, ತೋಳಿಗೆ ಹಾಕುವ 'ಗಾರ್ಟರ್'.

ಇದನ್ನು ಮ್ಯಾಸಚೂಸೆಟ್ಸಿನವರಿಗೆ ಹೇಳಿದರೆ ನಗುತ್ತಾರೆ. ಅಲ್ಲಿಯ ದೊಡ್ಡ ಆಟ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಬೆಳಿಗ್ಗೆ, ಚಳಿಯಲ್ಲಿ, ಪಕ್ಕದೂರಿನ ಮೇಲೆ. ವೆಲ್ಸ್‌ಲಿ ಮತ್ತು ನೀಡಮ್ 1882ರಿಂದ ಹೀಗೆ ಸೆಣಸುತ್ತಿವೆ. ಮಿನ್ನೆಸೋಟದಲ್ಲಿ ಫುಟ್‌ಬಾಲಿನ ಜಾಗ ಐಸ್ ಹಾಕಿ ಆಟದ್ದು. 1945ರಿಂದ ನಡೆದುಬಂದ ರಾಜ್ಯ ಟೂರ್ನಿಗೆ ಊರಿಗೆ ಊರೇ ಸೇಂಟ್ ಪಾಲ್‌ಗೆ ಹೊರಡುತ್ತದೆ. ನ್ಯೂಯಾರ್ಕ್ ಸಿಟಿಯ ಮಕ್ಕಳು ಎಲ್ಲೆಲ್ಲಿಂದಲೋ ಸಬ್‌ವೇ ಹಿಡಿದು ಶಾಲೆಗೆ ಬರುತ್ತಾರೆ. 'ನಮ್ಮೂರ ಶಾಲೆ' ಎಂಬುದೇ ಇಲ್ಲದ ಮೇಲೆ ಹೋಮ್‌ಕಮಿಂಗ್ ಅಷ್ಟಕ್ಕಷ್ಟೇ.

ಪ್ರಾಮ್ ಮಾತ್ರ ಬಹುಪಾಲು ಎಲ್ಲೆಡೆ ಇದೆ, ಸಾಮಾನ್ಯವಾಗಿ ಏಪ್ರಿಲ್-ಮೇನಲ್ಲಿ, ಹನ್ನೊಂದು ಹನ್ನೆರಡನೇ ಕ್ಲಾಸಿನವರಿಗೆ. ಬೇರೆ ಶಾಲೆಯವರನ್ನು ಕರೆತರಲು ಮೊದಲೇ ಫಾರಂ ತುಂಬಿಕೊಡಬೇಕು, ಬಾಗಿಲಲ್ಲಿ ನಿಂತು ಬೇಡಿದರೆ ಬಿಡುವುದಿಲ್ಲ. ದಕ್ಷಿಣದಲ್ಲಿ ಇದಕ್ಕೊಂದು ಕಹಿ ಚರಿತ್ರೆಯಿದೆ: ಜಾರ್ಜಿಯದ ವಿಲ್‌ಕಾಕ್ಸ್ ಕೌಂಟಿಯಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಸೇರಿದ ಮೊದಲ ಪ್ರಾಮ್ ನಡೆದದ್ದು 2013ರಲ್ಲಿ, ಅದೂ ವಿದ್ಯಾರ್ಥಿಗಳೇ ಹಟ ಹಿಡಿದು ಮಾಡಿದ್ದು.

ಮಧ್ಯಪಶ್ಚಿಮದಲ್ಲಿ ನಮ್ಮವರು ಎಡವುವುದು 'ಓಪನ್ ಹೌಸ್'ನಲ್ಲಿ. ಶಾಲೆ ಮುಗಿಸಿದ ಮಗುವಿನ ಮನೆಯವರು ಗ್ಯಾರೇಜು ತೊಳೆದು, ಮಗುವಿನ ಫೋಟೋಗಳನ್ನು ಬೋರ್ಡಿಗೆ ಅಂಟಿಸಿ, ಊಟ ಇಟ್ಟು ಕರೆಯುತ್ತಾರೆ. ಕಾರ್ಡಿನಲ್ಲಿ '2ರಿಂದ 6' ಎಂದಿದ್ದರೆ ನಾಲ್ಕು ಗಂಟೆ ಕೂರಬೇಕೆಂದಲ್ಲ. ನಡುವೆ ಯಾವಾಗಾದರೂ ಹೋಗಿ, ಲಕೋಟೆಯಲ್ಲಿ 20 ಡಾಲರಿನಷ್ಟು ಇಟ್ಟುಕೊಟ್ಟು, ಅರ್ಧ ಗಂಟೆಗೆ ಎದ್ದರಾಯಿತು. ಅದೇ ದಿನ ಇನ್ನೆರಡು ಮನೆಗೆ ಹೋಗುವುದಿರುತ್ತದೆ.

ಟಿಕೆಟ್ ಮಾಡಿಸುವ ಮುಂಚೆ ಶಾಲೆಯ ಕ್ಯಾಲೆಂಡರ್ ತೆಗೆದು ನೋಡಿ. ಆಗಸ್ಟ್ ಕೊನೆಗೆ ಇಳಿದರೆ ನ್ಯೂಜೆರ್ಸಿಯಲ್ಲಿ ಹೆಚ್ಚಿನ ಶಾಲೆಗಳು ಇನ್ನೂ ತೆರೆದಿರುವುದಿಲ್ಲ. ಟೆಕ್ಸಾಸಿನಲ್ಲಿ ಅಷ್ಟರಲ್ಲಿ ಪಾಠ ಶುರುವಾಗಿ ವಾರವೆರಡಾಗಿರುತ್ತದೆ, ಮಾರ್ಚಿಂಗ್ ಬ್ಯಾಂಡಿನ ತಾಲೀಮು ಅದಕ್ಕೂ ಮೊದಲೇ. ಕೊಳಲೋ ಡ್ರಮ್ಮೋ ಕಲಿತ ಮಗುವಿಗೆ ಬ್ಯಾಂಡಿನಲ್ಲಿ ಆ ವರ್ಷ ಜಾಗ ಸಿಗುವುದು ಕಷ್ಟ.