ಲೂರ್ದಿನ ಸ್ಟ್ರೆಚರ್

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಮೊಬೈಲ್ ನೋಡುತ್ತಿದ್ದಾಗ ಫ್ರಾನ್ಸಿನ ಕಲಾವಿದ ಜಾನ್ ಲೂಯಿ ಫೊರೇನ್ ಮಾಡಿದ ಲೂರ್ದ್ ಎಂಬ ಅಲ್ಲಿನ ಕ್ರೈಸ್ತ ಯಾತ್ರಾಕ್ಷೇತ್ರದ ಎಚ್ಚಿಂಗ್‌ಗಳು (ಲೋಹದ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರಗಳು) ಸಿಕ್ಕವು. 1912-13ರ ಸುಮಾರಿನವು. ಪತ್ರಿಕೆಗಳಿಗೆ ಮೊನಚಾದ ವ್ಯಂಗ್ಯಚಿತ್ರ ಬರೆಯುತ್ತಿದ್ದ ಮನುಷ್ಯ ಈತ. ಇಲ್ಲಿ ಮಾತ್ರ ಯಾರನ್ನೂ ಚುಚ್ಚಿಲ್ಲ. ಸ್ಟ್ರೆಚರ್ ಮೇಲೆ ರೋಗಿಗಳು, ಸುತ್ತ ಮಂಡಿಯೂರಿದವರು. ಗೆರೆಗಳೂ ಕಡಿಮೆ.

1858ರಲ್ಲಿ 14 ವರ್ಷದ ಬಡ ಹುಡುಗಿ ಬರ್ನಡೆಟ್‌ಗೆ ಲೂರ್ದಿನ ಗವಿಯಲ್ಲಿ ಯೇಸುವಿನ ತಾಯಿ ಮೇರಿ ಮಾತೆ ಕಂಡಳಂತೆ. ಆಮೇಲೆ ಗುಣವಾಗುವ ಆಸೆಯಿಂದ ಬರುವ ರೋಗಿಗಳ ಸಾಲು ಶುರು. (ನಮ್ಮ ಕಡೆ ಎಷ್ಟೋ ಚರ್ಚುಗಳ ಪಕ್ಕ ಕಲ್ಲಿನ ಪುಟ್ಟ ಗವಿ ಇರುತ್ತದಲ್ವಾ, ಅದು ಇದರದೇ ನಕಲು.) ಬಂದವರು ಕೋಟಿಗಟ್ಟಲೆ. ವೈದ್ಯರ ತಪಾಸಣೆ ಎಲ್ಲ ಮುಗಿದು ಗುಣವಾದದ್ದು ಪವಾಡವೇ ಎಂದು ಚರ್ಚ್ ಒಪ್ಪಿದ ಪ್ರಕರಣಗಳು 70ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನನ್ನ ಕಣ್ಣು ನಿಂತಿದ್ದು ರೋಗಿಗಳ ಮೇಲಲ್ಲ, ಪಕ್ಕದವರ ಬೆನ್ನಿನ ಮೇಲೆ. ಮೇಣದಂಥ ಲೇಪ ಹಚ್ಚಿದ ತಾಮ್ರದ ತಗಡಿನ ಮೇಲೆ ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಮುಳುಗಿಸಿ ಕೊರೆಸಿದ ಗೆರೆ. ಅಮ್ಮನ ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಬೆನ್ನೂ ಹೀಗೇ ಬಾಗಿತ್ತು. ಕಾಫಿ ತಂದುಕೊಟ್ಟೆ. ಲೋಟ ಹಿಡಿದುಕೊಂಡೇ ಕೂತಿದ್ದರು, ಆರಿಹೋಗುವವರೆಗೂ.