ಕೊನೆಗೆ ಗೆದ್ದೋರು ಯಾರು?

ಭಾನುವಾರ ಸಂಜೆ ನಾವು ಐದಾರು ಜನ ತಾರಸಿ ಮೇಲೆ ಸೇರಿ ಏನೋ ಆಟ ಆಡುತ್ತೇವೆ ಅನ್ನೋದು ದಾವಣಗೆರೆ ವಿದ್ಯಾನಗರದ ನಮ್ಮ ಬೀದಿಗೆಲ್ಲ ಗೊತ್ತು. ನಲವತ್ತು ದಾಟಿದವರಿಗೆ ಇದೇನು ಹುಡುಗಾಟ ಅಂತ ಕೇಳುವವರು ಕಡಿಮೆ. ಇಸ್ಪೀಟು ಆಡಿದರೂ ಯಾರೂ ಕೇಳಲ್ಲ, ಅಲ್ವಾ? ಆದರೆ ಮರುದಿನ ಸಿಕ್ಕವರೆಲ್ಲ ತಪ್ಪದೆ ಕೇಳುವುದು ಒಂದೇ: "ಕೊನೆಗೆ ಗೆದ್ದೋರು ಯಾರು?" ಯಾರೂ ಗೆಲ್ಲಲ್ಲ ಅಂದರೆ ಅವರ ಮುಖ ನೋಡಬೇಕು. "ಮತ್ತೆ ಮೂರು ತಾಸು ಏನ್ ಮಾಡಿದ್ರಿ?"

ಬೀದಿಯಲ್ಲಿ ನಿಂತು ಹೇಳಿ ಮುಗಿಸೋ ಉತ್ತರ ಅಲ್ಲ. ಇಲ್ಲಿ ಬರೆಯುತ್ತೇನೆ.

ನಾವು ಆಡುವುದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ಚಿಕ್ಕದಾಗಿ ಆರ್‌ಪಿಜಿ. ಒಬ್ಬರು ಕಥೆ ನಡೆಸುತ್ತಾರೆ, ಅವರು ಗೇಮ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ, ಸೇತುವೆ ಮುರಿದಿದೆ, ಏನು ಮಾಡ್ತೀರಿ ಅಂತ ಮಾಸ್ಟರ್ ಕೇಳುತ್ತಾರೆ. ಏನು ಬೇಕಾದರೂ ಹೇಳಬಹುದು. ಸುಲಭದ ಕೆಲಸ ಆದರೆ ಆಯಿತು ಅಂತಲೇ ಲೆಕ್ಕ. ಆಗುತ್ತೋ ಇಲ್ಲವೋ ಅನ್ನೋ ಹಾಗಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು.

ಇದಕ್ಕೆಲ್ಲ ಮೂಲ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದಕ್ಕೂ ಮುಂಚೆ ಅವರು ಆಡುತ್ತಿದ್ದದ್ದು ಯುದ್ಧದಾಟ. ಮೇಜಿನ ಮೇಲೆ ಗೊಂಬೆ ಸೈನಿಕರು, ಇತ್ತ ಒಂದು ಪಡೆ, ಅತ್ತ ಒಂದು ಪಡೆ. ಅಲ್ಲಿ ಸೋಲು ಗೆಲುವು ಇತ್ತು. ಹೊಸ ಆಟದಲ್ಲಿ ಒಬ್ಬ ಆಟಗಾರನ ಕೈಗೆ ಪಡೆಯ ಬದಲು ಒಬ್ಬನೇ ಮನುಷ್ಯ ಬಂದ. ಆಟಗಾರರೆಲ್ಲ ಒಂದೇ ಕಡೆ ಕೂತರು. ಹಾಗಾದರೆ ಮಾಸ್ಟರ್ ಎದುರಾಳಿ ಅಲ್ವಾ ಅಂತೀರಿ. ಅಲ್ಲ. ಮಾಸ್ಟರ್ ಮನಸ್ಸು ಮಾಡಿದರೆ ಒಂದೇ ಮಾತಲ್ಲಿ ಎಲ್ಲರ ಮೇಲೂ ಬಂಡೆ ಉರುಳಿಸಬಹುದು. ಅದೇನು ಗೆಲುವು?

ಒಂದು ಸಲ ನಾನೇ ಕಥೆ ನಡೆಸುತ್ತಿದ್ದೆ. ಬೆಟ್ಟದ ಮೇಲೆ ಏಳು ಸುತ್ತಿನ ಕೋಟೆ, ಹೊರಗೆ ಮುತ್ತಿಗೆ, ಬಂಡೆಗಳ ನಡುವೆ ಒಬ್ಬ ನುಸುಳುವಷ್ಟು ಕಿಂಡಿ. ಹೆಸರೆಲ್ಲ ಬದಲಿಸಿದ್ದೆ. ಸುಮಾರು 60 ಕಿಲೋಮೀಟರ್ ಆಚೆಗೇ ಚಿತ್ರದುರ್ಗ ಇರುವಾಗ ಯಾರ ಕಣ್ಣಿಗೆ ಮಣ್ಣೆರಚಲಿ! ಊಟದ ಹೊತ್ತಾಯಿತು ಅಂತ ನಾನು ಹೇಳಿದ್ದೇ ತಡ, ಕಾವಲುಗಾರನ ಪಾತ್ರದಲ್ಲಿದ್ದ ಗೆಳೆಯ, "ನಾನ್ ಮಾತ್ರ ಮನೆಗೆ ಹೋಗಲ್ಲಪ್ಪ, ಬುತ್ತಿ ಇಲ್ಲಿಗೇ ತರೋಕೆ ಹೇಳಿದ್ದೀನಿ" ಅಂದ. ಕಾವಲುಗಾರ ಊಟಕ್ಕೆ ಹೋದಾಗ ನೀರಿಗೆ ಬಂದ ಓಬವ್ವ ಹೈದರಾಲಿಯ ಸೈನಿಕರನ್ನು ಕಿಂಡಿಯಲ್ಲಿ ಕಂಡು ಒನಕೆ ಹಿಡಿದ ಕಥೆ ಅವನಿಗೂ ಗೊತ್ತಲ್ಲ.

ಸರಿ, ಸಪ್ಪಳ ಕೇಳಿಸಿತಾ ನೋಡೋಣ, ದಾಳ ಹಾಕು ಅಂದೆ. 15 ಆಗಬೇಕು. ಅವನ ಪಾತ್ರದ ಕಿವಿ ಚುರುಕು, ಅದಕ್ಕೆ 2 ಜಾಸ್ತಿ ಸಿಗುತ್ತದೆ. ಅಂದರೆ 13 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಸಾಕು, ನೂರಕ್ಕೆ ನಲವತ್ತು ಅವಕಾಶ. ಬಿದ್ದದ್ದು 4. ಕಿಂಡಿ ಪಕ್ಕದಲ್ಲೇ ಕೂತಿದ್ದಾನೆ, ಏನೂ ಕೇಳಿಸಿಲ್ಲ.

ಬುತ್ತಿ ತರುವ ಹೆಂಡತಿಯ ಪಾತ್ರ ನಮ್ಮ ಗುಂಪಿನ ಹೈಸ್ಕೂಲ್ ಮೇಡಂ ಅವರದು. ಕಿಂಡಿಯಿಂದ ಒಂದು ತಲೆ ಹೊರಗೆ ಬರ್ತಾ ಇದೆ ಅಂದೆ. ಪಾತ್ರದ ಹತ್ತಿರ ಏನೇನಿದೆ ಅಂತ ಬರೆದಿಟ್ಟುಕೊಂಡ ಹಾಳೆಯನ್ನು ಅವರು ನೋಡಿಕೊಂಡರು. "ನನ್ ಹತ್ರ ಒನಕೆ ಇಲ್ವಲ್ರೀ! ಅದು ಮನೇಲಿದೆ. ಇವ್ರು ಬುತ್ತಿ ಇಲ್ಲಿಗೇ ತಾ ಅಂದ್ರು." ಎಲ್ಲರೂ ಕಾವಲುಗಾರನ ಕಡೆ ತಿರುಗಿದೆವು. ಮೇಡಂ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದರು. "ಬುತ್ತೀಲಿ ಏನಿದೆ?" ಅಂದರು. ಅಡುಗೆ ಮಾಡಿದ್ದು ನೀವು, ನೀವೇ ಹೇಳಿ ಅಂದೆ. "ಮುದ್ದೆ, ಹುರುಳಿ ಸಾರು. ಈಗಷ್ಟೇ ಒಲೆಯಿಂದ ಇಳಿಸಿದ್ದು. ಸಾರಿನ ಗಡಿಗೆ ಎತ್ತಿ ಆ ತಲೆ ಮೇಲೆ ಸುರೀತೀನಿ." ದಾಳ ಹಾಕಿದರು, 17. ನಮ್ಮ ಕೂಗಿಗೆ ಕೆಳಗಿನ ಮನೆಯವರು ಮೇಲೆ ಬಂದು ನೋಡಿಹೋದರು.

ಇಲ್ಲಿ ಗೆದ್ದೋರು ಯಾರು, ನೀವೇ ಹೇಳಿ. ಮೇಡಂ ಅನ್ನಬಹುದು. ಆದರೆ ಅವನಿಗೆ 4 ಬೀಳದಿದ್ದರೆ ಸಾರಿನ ಮಾತೇ ಬರುತ್ತಿರಲಿಲ್ಲ. ಇವತ್ತಿಗೂ ಸಿಕ್ಕಸಿಕ್ಕವರಿಗೆ ಈ ಕಥೆ ಹೇಳುವವನು ಆ 4 ಹಾಕಿದವನೇ. ಕೋಟೆ ಕೊನೆಗೆ ಉಳಿಯಲ್ಲ ಅಂತಲೂ ಎಲ್ಲರಿಗೂ ಗೊತ್ತಿತ್ತು. ನಿಜವಾದ ದುರ್ಗ 1779ರಲ್ಲಿ ಹೈದರಾಲಿಯ ಕೈ ಸೇರಿತು. ಗೊತ್ತಿದ್ದೂ ಆ ಕಿಂಡಿಗಾಗಿ ಅಷ್ಟು ಹೊತ್ತು ತಲೆ ಕೆಡಿಸಿಕೊಂಡರು.

ನಮ್ಮೂರಿನವರಿಗೆ ಇದು ಅರ್ಥವಾಗದೇ ಇರೋ ವಿಷಯವೇನಲ್ಲ. ಚಿಂದೋಡಿ ಲೀಲಾ ಅವರ ಊರು ಇದು. ಕಂಪನಿ ನಾಟಕ ನೋಡಿಕೊಂಡು ಬಂದವರನ್ನು ಯಾರೂ ಗೆದ್ದೋರು ಯಾರು ಅಂತ ಕೇಳಲ್ಲ. ಅಲ್ಲಿ ಮಾತು ಮೊದಲೇ ಬರೆದಿರುತ್ತದೆ, ಇಲ್ಲಿ ಇಲ್ಲ, ಅಷ್ಟೇ.

ಪಾತ್ರಕ್ಕೆ ಲೆವೆಲ್ ಏರುತ್ತದೆ, ಚಿನ್ನ ಸಿಗುತ್ತದೆ, ಅದೆಲ್ಲ ನಿಜ. ಪಾತ್ರ ಸಾಯುವುದೂ ಉಂಟು. ಬೇಜಾರಾಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅರ್ಧ ತಾಸಿನಲ್ಲಿ ಇನ್ನೊಂದು ಹಾಳೆ ತಗೊಂಡು ಹೊಸ ಪಾತ್ರ ಬರೆದುಕೊಳ್ಳುತ್ತಾರೆ.

ಈ ಆಟ ದೊಡ್ಡವರಿಗೇ ಜಾಸ್ತಿ ಒಗ್ಗುತ್ತದೆ ಅನ್ನೋದು ನನ್ನ ಅಭಿಪ್ರಾಯ. ಹುಡುಗರಿಗೆ ಕತ್ತಿ ಸಿಕ್ಕರೆ ಬೀಸುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವ ನಮ್ಮ ಗೆಳೆಯ ಹಾಗಲ್ಲ. ಕಾಡಿನಲ್ಲಿ ದರೋಡೆಕೋರರು ಅಡ್ಡಗಟ್ಟಿದಾಗ ಕತ್ತಿ ಮುಟ್ಟಲೇ ಇಲ್ಲ. ಅವರ ನಾಯಕನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡ. "ಅಣ್ಣಾ, ಇವತ್ತು ಅರ್ಧ ತಗೋ, ಉಳಿದದ್ದು ಮಾಲು ಮುಟ್ಟಿದ ಮೇಲೆ. ನಮ್ಮನ್ನ ಕಾಯ್ಕೊಂಡು ಬಂದ್ರೆ ಮುಂದಿನ ಸಲವೂ ನಿಂಗೇ." ಮೂರು ವಾರದ ಕಥೆಗೆ ಅಂತ ನಾನು ತಯಾರು ಮಾಡಿಟ್ಟಿದ್ದ ಶತ್ರುಗಳು ಆಟಗಾರರ ಕೈಕೆಳಗೇ ಸಂಬಳಕ್ಕೆ ಸೇರಿಕೊಂಡರು. ವರ್ಷಾನುಗಟ್ಟಲೆ ವ್ಯಾಪಾರಿಗಳ ನಡುವೆ ಕೂತವನ ತಲೆಗೇ ಇಂಥದ್ದು ಹೊಳೆಯುವುದು.

ದೊಡ್ಡವರ ತೊಂದರೆ ಬೇರೆ. ಮದುವೆ ಸೀಸನ್ ಬಂತೆಂದರೆ ಆಟ ಬಂದ್.

ಖರ್ಚು ಎಷ್ಟು ಅಂತಲೂ ಕೆಲವರು ಕೇಳುತ್ತಾರೆ. ಹೆಚ್ಚೇನಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮುಖ್ಯ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ, ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ನಿಯಮ ಇಂಗ್ಲಿಷಿನಲ್ಲಿದೆ, ಆಟ ಕನ್ನಡದಲ್ಲೇ ನಡೆಯುತ್ತದೆ. ದಾಳ ಇಲ್ಲದಿದ್ದರೆ ಮೊಬೈಲ್ ಆ್ಯಪ್ ಇದೆ. ಹಾಳೆ, ಪೆನ್ಸಿಲ್, ಒಂದಿಷ್ಟು ಖಾರ ಮಂಡಕ್ಕಿ ಮಿರ್ಚಿ, ಇಷ್ಟೇ. ಸುಮ್ನೆ ನೋಡಿಹೋಗುತ್ತೇವೆ ಅನ್ನೋರೂ ಬರಬಹುದು. ಆದರೆ ಪಕ್ಕದಲ್ಲಿ ಕೂತವರಿಗೆ ಊರ ಗೌಡನದೋ ಅಂಬಿಗನದೋ ಒಂದು ಪಾತ್ರ ಕೊಟ್ಟೇ ಕೊಡುತ್ತೇವೆ, ತಯಾರಾಗಿ ಬನ್ನಿ. ಮಿರ್ಚಿ ತಿಂದ ಕೈಯಲ್ಲಿ ದಾಳ ಮುಟ್ಟಬೇಡಿ.