ಹೋದ ದಾರಿಯಲ್ಲೇ ವಾಪಸ್ ಕರೆತಂದ ಜಿಪಿಎಸ್

ಬೈಕಿಗೆ ಬೇರೆಯೇ ಒಂದು ಜಿಪಿಎಸ್ ಯಾಕೆ, ಕೈಯಲ್ಲಿ ಮೊಬೈಲ್ ಇದೆಯಲ್ಲ? ಆರು ದಿನದ ಪ್ರವಾಸಕ್ಕೆ ಹೊರಡುವಾಗ ನಾನೂ ಹೀಗೇ ಅಂದುಕೊಂಡಿದ್ದೆ. ಗೆಳೆಯ ಒತ್ತಾಯ ಮಾಡಿ ತನ್ನ ಜಿಪಿಎಸ್ ಸಾಧನ ಕೊಟ್ಟಿದ್ದ, ಅದನ್ನೂ ಹ್ಯಾಂಡಲ್‌ಗೆ ಕಟ್ಟಿಕೊಂಡಿದ್ದೆ ಅಷ್ಟೆ. ಮೊದಲ ಮೂರು ದಿನ ಹೆದ್ದಾರಿ, ಬಿಸಿಲು, ಮೊಬೈಲೇ ಸಾಕಾಯಿತು.

ನಾಲ್ಕನೇ ದಿನ ಬೆಟ್ಟ ಹತ್ತುವಾಗ ಮಳೆ ಹಿಡಿಯಿತು. ನನ್ನ ಮೊಬೈಲಿಗೆ ಐಪಿ67 ದರ್ಜೆ ಇದೆ. ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬೇಕು. ಹೋಲ್ಡರ್ ಮಾರಿದವರೂ 'ವಾಟರ್‌ಪ್ರೂಫ್, ಯೋಚನೆ ಬೇಡ' ಅಂದಿದ್ದರು. ಆದರೆ ಚಾರ್ಜರ್ ವೈರ್ ಹಾಕಬೇಕಾದರೆ ಹೋಲ್ಡರಿನ ಕೆಳಗಿನ ರಬ್ಬರ್ ಮುಚ್ಚಳ ತೆರೆದೇ ಇರಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ವೈರ್ ಗುಂಟ ನೀರಿಳಿದು ಪೋರ್ಟ್ ಒದ್ದೆಯಾಯಿತು, ಚಾರ್ಜಿಂಗ್ ನಿಂತೇಹೋಯಿತು. ಅದಕ್ಕಿಂತ ಕಾಡಿದ್ದು ಪರದೆ. ಗ್ಲೌಸ್ ಹಾಕಿದ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ, ಮಳೆಹನಿಯನ್ನು ಮಾತ್ರ ಬೆರಳು ಅಂತಲೇ ತಿಳಿಯುತ್ತಿತ್ತು. ಹನಿ ಬಿದ್ದಂತೆಲ್ಲ ನಕ್ಷೆ ತಾನಾಗಿ ಸರಿಯುತ್ತಿತ್ತು, ಹಿಗ್ಗುತ್ತಿತ್ತು, ಒಮ್ಮೆ ಹಾಕಿಟ್ಟ ದಾರಿಯೇ ರದ್ದಾಯಿತು. ತಿರುವಿನಲ್ಲಿ ಕಣ್ಣು ರಸ್ತೆ ಬಿಟ್ಟು ಅದರ ಮೇಲಿದ್ದರೆ ಗತಿಯೇನು?

ಅಲ್ಲಿ ನೆಟ್‌ವರ್ಕೂ ಇರಲಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕರೆ ಸಾಕು, ಎಲ್ಲಿದ್ದೀವಿ ಎಂಬ ಲೆಕ್ಕವನ್ನು ಸಾಧನವೇ ಹಾಕುತ್ತದೆ. ಮೊಬೈಲಿನಲ್ಲೂ ನೀಲಿ ಚುಕ್ಕಿ ಕಾಣುತ್ತಿತ್ತು. ಸುತ್ತ ನಕ್ಷೆ ಮಾತ್ರ ಖಾಲಿ, ಯಾಕೆಂದರೆ ನಾನು ಅದನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಲಿಲ್ಲ. ದಯವಿಟ್ಟು ಮನೆಯಲ್ಲೇ ಇಳಿಸಿಕೊಂಡು ಹೊರಡಿ.

ಮೊಬೈಲ್ ಒಳಗಿಟ್ಟು ಗೆಳೆಯನ ಸಾಧನ ನಂಬಿದೆ. ಗ್ಲೌಸಿನಲ್ಲೇ ಒತ್ತಬಹುದು, ಮಳೆಗೆ ಜಗ್ಗಲಿಲ್ಲ, ಕರೆಂಟ್ ಬೈಕಿನ ಬ್ಯಾಟರಿಯಿಂದ. ಆದರೆ ಅದರಲ್ಲಿ 'ಅತಿ ಕಡಿಮೆ ದೂರ' ಎಂಬ ಆಯ್ಕೆ ಆನ್ ಆಗಿದ್ದದ್ದು ನಾನು ನೋಡಿರಲಿಲ್ಲ. ಲಾರಿಗಳ ಗದ್ದಲ ನನಗೆ ಸ್ವಲ್ಪವೂ ಆಗುವುದಿಲ್ಲ, ಹಾಗಾಗಿ 'ಹೆದ್ದಾರಿ ಬೇಡ' ಅಂತಲೂ ಒತ್ತಿದ್ದೆ. ಎರಡೂ ಸೇರಿ ನನ್ನನ್ನು ಕೆಸರಿನ ಕಾಲುದಾರಿಗೆ ಇಳಿಸಿದವು. ಕತ್ತಲಾಗುವ ಹೊತ್ತಿಗೆ ಎದುರಿಗೆ ತುಂಬಿ ಹರಿಯುವ ತೊರೆ, ಸೇತುವೆ ಇಲ್ಲ. ಪರದೆಯ ಮೇಲೆ ಗೆರೆ ಮಾತ್ರ ಆಚೆ ದಡಕ್ಕೆ ನೆಟ್ಟಗೆ ಹೋಗಿತ್ತು. ಎರಡೂ ಕಡೆ ಕಡಿದಾದ ಬಂಡೆ. ಅರ್ಧ ಆಕಾಶ ಮುಚ್ಚಿ, ಸಂಕೇತ ಬಂಡೆಗೆ ಬಡಿದು ಬರುತ್ತಿದ್ದರಿಂದಲೋ ಏನೋ, ನಾನಿದ್ದ ಗುರುತು ನೀರಿನ ನಡುವೆ ಓಲಾಡುತ್ತಿತ್ತು.

ಆಗ ಕೈ ಹಿಡಿದದ್ದು ಸಾಧನ ತಾನಾಗಿ ಬರೆದಿಟ್ಟುಕೊಂಡಿದ್ದ ಟ್ರ್ಯಾಕ್. ಬಂದ ದಾರಿಯೆಲ್ಲ ಸಣ್ಣ ಚುಕ್ಕಿಗಳ ಸಾಲಾಗಿ ಪರದೆಯಲ್ಲಿತ್ತು. ಅದನ್ನೇ ಹಿಡಿದು ಹಿಂದಕ್ಕೆ ಹೊರಟೆ. ಎರಡು ಕಡೆ ದಾರಿ ಕವಲೊಡೆದಿತ್ತು. ಬರುವಾಗ ಆ ಕವಲುಗಳು ಕಂಡೇ ಇರಲಿಲ್ಲ. ಕತ್ತಲಲ್ಲಿ ನನ್ನಷ್ಟಕ್ಕೆ ಬಿಟ್ಟಿದ್ದರೆ ಅಗಲವಾಗಿದ್ದ ಕಡೆಗೇ ತಿರುಗಿಸುತ್ತಿದ್ದೆ, ಅದು ತಪ್ಪು ದಾರಿ. ಟಾರು ರಸ್ತೆ ಸಿಕ್ಕಾಗ ಕೈ ನಡುಗುತ್ತಿತ್ತು.

ಹಾಗಾಗಿ ನೀವು ಹೋಗಬೇಕಾದ ದಾರಿಯಲ್ಲಿ ಮೊದಲೇ ಹೋಗಿಬಂದವರಿಂದ ಜಿಪಿಎಕ್ಸ್ ಫೈಲ್ (ಜಿಪಿಎಸ್ ಸಾಧನಗಳು ದಾರಿಯ ವಿವರ ಹಂಚಿಕೊಳ್ಳುವ ಫೈಲ್) ಕೇಳಿ ಪಡೆಯಿರಿ, ಅದರಲ್ಲೂ ಟ್ರ್ಯಾಕನ್ನೇ ಕೇಳಿ. ರೂಟ್ ಅಂದರೆ ಹಾದುಹೋಗಬೇಕಾದ ಜಾಗಗಳ ಪಟ್ಟಿ; ಅದಾದರೆ ನಿಮ್ಮ ಸಾಧನ ತನ್ನ ಆಯ್ಕೆಗಳಿಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ ದಾರಿ ಬದಲಿಸಿಬಿಡಬಹುದು. ಟ್ರ್ಯಾಕ್ ಹಾಗಲ್ಲ, ಅವರು ಓಡಿಸಿದ ಗೆರೆ ಹಾಗೇ ಇರುತ್ತದೆ.

ವೈರಿಂಗ್ ಮಾಡಿಸುವಾಗ ಫ್ಯೂಸ್ ಇರಲಿ, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರಲಿ. ಇಲ್ಲದಿದ್ದರೆ ರಾತ್ರಿಯಿಡೀ ಬ್ಯಾಟರಿ ಹೀರುತ್ತದೆ. ಮೊಬೈಲನ್ನೇ ಕಟ್ಟುವವರು ಕಂಪನ ತಡೆಯುವ ಹೋಲ್ಡರ್ ಕೊಳ್ಳಿ; ದೊಡ್ಡ ಎಂಜಿನ್‌ನ ಬೈಕುಗಳ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಬಹಳ ದಿನ ಮುಟ್ಟದೆ ಇಟ್ಟ ಸಾಧನವನ್ನು ಬಯಲಿನಲ್ಲಿ ಆನ್ ಮಾಡಿ, ಉಪಗ್ರಹ ಸಿಕ್ಕ ಮೇಲೆ ಹೊರಡಿ.

ಸಾಧನ ವಾಪಸ್ ಕೊಡುವ ಮುಂಚೆ ಆ ತೊರೆಯ ದಡದಲ್ಲಿ ಒಂದು ಗುರುತು ಹಾಕಿ 'ಸೇತುವೆ ಇಲ್ಲ' ಅಂತ ಹೆಸರಿಟ್ಟೆ. ಮುಂದಿನ ತಿಂಗಳು ಗೆಳೆಯ ಅದೇ ಬೆಟ್ಟಕ್ಕೆ ಹೊರಟಿದ್ದಾನೆ.